ನಾಗಪ್ಪನನ್ನು ಕೇಳಿ ತಿಂದ ಅಣಬೆ

ಇವತ್ತು ಬೆಳಿಗ್ಗೆ ಬೈಲಹೊಂಗಲದ ನಮ್ಮ ಓಣಿಗೆ ಬಂದ ತಳ್ಳುಗಾಡಿಯಲ್ಲಿ, ಮೆಂತ್ಯದ ಸಿವುಡುಗಳ ನಡುವೆ, ಪ್ಲಾಸ್ಟಿಕ್ ಹೊದ್ದ ಅಣಬೆ ಪ್ಯಾಕೆಟ್ಟುಗಳು ಕೂತಿದ್ದವು. "ಫ್ರೆಶ್ ಅದಾವ್ರಿ ಅವ್ವಾರ, ಪ್ರೋಟೀನ್," ಎಂದ ಗಾಡಿಯವ. ಒಂದನ್ನು ಮೂಗಿಗೆ ಹಿಡಿದೆ. ವಾಸನೆಯೇ ಇಲ್ಲ. ಅಣಬೆಗೆ ಒಂದು ವಾಸನೆ ಇರಬೇಕು, ನೋಡಿ: ಮಳೆಯಲ್ಲಿ ನೆನೆದ ಮಣ್ಣಿನದು, ಜೊತೆಗೆ ಸ್ವಲ್ಪ ಪಾಪದ್ದು.

ಪಾಪದ ಕತೆ ಹಳೆಯದು. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಇಂಗ್ಲಿಷ್ ರೀಡರಿನಲ್ಲಿ ಒಂದು ಚಿತ್ರವಿತ್ತು. ರೇನ್‌ಕೋಟ್ ತೊಟ್ಟ ಮಕ್ಕಳು ಸಮುದ್ರದಂಡೆಯ ಕಾಡಿನಲ್ಲಿ ಬುಟ್ಟಿ ತುಂಬ ಅಣಬೆ ಆರಿಸುತ್ತಿದ್ದರು. ಗ್ರಾಮರು, ಗುಡ್ ಮ್ಯಾನರ್ಸು ಎಲ್ಲ ಮರೆತುಹೋದವು. ಆ ಬುಟ್ಟಿ ಮಾತ್ರ ಉಳಿಯಿತು. ಮದುವೆಯಾಗಿ ಬಂದ ವರ್ಷ ಅತ್ತೆಯ ಮುಂದೆ ಆಸೆ ಹೇಳಿಕೊಂಡೆ. ಅವರು ಬಾಯಿ ತೆರೆಯುವ ಮೊದಲೇ ಹೂಲಿಯಿಂದ ಬಂದ ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, "ನಾಯಿ ಕಾಲೆತ್ತಿದಲ್ಲಿ ಹುಟ್ಟೂದು ಅದು. ನನ್ನ ಒಲಿ ಮ್ಯಾಲ ಬರಂಗಿಲ್ಲ," ಎಂದು ಮುಗಿಸಿಬಿಟ್ಟರು. ಒಂದೇ ಅಡುಗೆಮನೆಯಲ್ಲಿ ನಲವತ್ತೈದು ವರ್ಷ ಕಳೆದೆವು. ಅತ್ತೆ ಹೋದರು, ಗ್ಯಾಸ್ ಬಂತು, ಅಕ್ಕನ ಕಾಯ್ದೆಗೆ ತಿದ್ದುಪಡಿ ಬರಲಿಲ್ಲ. ಕದ್ದು ಹೋಟೆಲಿನಲ್ಲಿ ತಿನ್ನಬಹುದಿತ್ತು, ನಿಜ. ಆದರೆ ಅಕ್ಕ ಹೂಂ ಅನ್ನದೆ ತಿಂದದ್ದು ನನಗೆ ತಿಂದಂತೆಯೇ ಅಲ್ಲ.

ಕೆಲವು ವರ್ಷಗಳ ಹಿಂದೆ, ಶ್ರಾವಣದಲ್ಲಿ, ಅಕ್ಕನ ಮಗಳು ಶೋಭಾ ಒಂದು ಮೋಟರ್‌ಹೋಮ್ ಬಾಡಿಗೆಗೆ ತಂದಳು. ಮನೆಗೆ ಗಾಲಿ ಹಚ್ಚಿದ್ದೋ, ಬಸ್ಸಿಗೆ ಒಲೆ ಹಚ್ಚಿದ್ದೋ ತಿಳಿಯದಂಥದ್ದು. ಕಿತ್ತೂರು ದಾಟಿ, ದಾಂಡೇಲಿಯ ಕಾಡು ಹಾಯ್ದು ಕಾರವಾರದ ಕಡೆ ಮೂವರ ಸವಾರಿ. ಅಕ್ಕ ಸ್ಟಿಯರಿಂಗಿಗೆ ವಿಭೂತಿ ಹಚ್ಚಿದರು, ಶೇಂಗಾ ಉಂಡಿಯ ಡಬ್ಬಿಗೆ ಸೀಟ್‌ಬೆಲ್ಟ್ ಹಾಕಿದರು. ಒಲೆಗೆ ಬೆನ್ನು ಹಚ್ಚಿ ಟಾಯ್ಲೆಟ್ ಇರುವುದನ್ನು ಕಂಡವರೇ, ಇಂಥ ಮನೆ ಕಟ್ಟಿದವನಿಗೆ ತಾಯಿ ಇರಲಿಲ್ಲವೇ ಎಂದು ಕೇಳಿದರು. ಅದರೊಳಗೆ ಕಾಲಿಡಲಿಲ್ಲ, ಮೂರು ದಿನವೂ ಜಡಿಮಳೆಯಲ್ಲಿ ಶೋಭಾಳಿಂದ ಪೆಟ್ರೋಲ್ ಪಂಪ್ ಹುಡುಕಿಸಿದರು.

ಪಂಚಮಿಯ ದಿನ ಗಾಡಿ ನಿಂತ ಜಾಗದಲ್ಲಿ ಒಂದು ಕಡೆ ಕಾಡು, ಒಂದು ಕಡೆ ಸಮುದ್ರ. ಹಾಲೆರೆಯಲು ಹುತ್ತ ಹುಡುಕುತ್ತ ಅಕ್ಕನೂ ನಾನೂ ಹೋದೆವು. ಸಿಕ್ಕಿತು, ಹುತ್ತದ ಮೈತುಂಬ ಬಿಳಿ ಅಣಬೆ. ಬುಟ್ಟಿ ಹಿಡಿದು ಬಂದಿದ್ದ ಅಲ್ಲಿನ ಅಜ್ಜಿಯೊಬ್ಬಳು ಇವು ಪ್ರತಿ ವರ್ಷ ತಿನ್ನುವಂಥವೇ ಎಂದು ಹೇಳಿ, ತನ್ನ ಪಾಲು ಕಿತ್ತುಕೊಂಡು, ಅರ್ಧ ನಮಗೆ ಬಿಟ್ಟು ಹೋದಳು. ರೀಡರಿನ ಚಿತ್ರವೇ ಕಣ್ಣ ಮುಂದೆ. ಬಗ್ಗಿದೆ. ಅಕ್ಕ ಕೈ ಹಿಡಿದರು.

"ನಾಗಪ್ಪನ ಮನಿ ಇದು. ಕೇಳದ ಮುಟ್ಟಬ್ಯಾಡ."

"ಹಂಗಾರ ಕೇಳ್ರಿ ಅಕ್ಕಾರ."

ದೇವರನ್ನು ಕೇಳುವ ಪದ್ಧತಿ ನಿಮಗೆ ಗೊತ್ತಲ್ಲ: ಒದ್ದೆ ಹೂವೆರಡು ಅಂಟಿಸುವುದು, ಬಲಗಡೆಯದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಊಹೂಂ. ಅಕ್ಕ ಹುತ್ತಕ್ಕೆ ಹೂವು ಅಂಟಿಸಿ, "ದೇವರ ಪಾಲು, ಗುರುವಿನ ಪಾಲು" ಎನ್ನುತ್ತ ಹಾಲೆರೆದು, ಮನೆಯವರೆಲ್ಲರ ಪಾಲು ಮುಗಿಸಿ, ಎಂದಿನಂತೆ ಕೊನೆಗೆ ನನ್ನದನ್ನೂ ಎರೆದು ಕಣ್ಣು ಮುಚ್ಚಿದರು. ಎಡದ ಹೂವು ಜಾರತೊಡಗಿತು. ನಲವತ್ತೈದು ವರ್ಷದ ಆಸೆ ಅದರ ಹಿಂದೆಯೇ ಜಾರುತ್ತಿತ್ತು. ಛತ್ರಿಯ ತುದಿಯಿಂದ ಬಲಗಡೆಯದನ್ನು ಮೆಲ್ಲಗೆ ದೂಡಿದೆ.

"ಬಲಕ್ಕ ಕೊಟ್ಟಾನ ನೋಡು," ಎಂದರು ಅಕ್ಕ, ಕಣ್ಣು ತೆರೆದು.

ಪಂಚಮಿಗೆ ಹೆಚ್ಚಬಾರದೆಂದು ಅಣಬೆಯನ್ನು ಕೈಯಲ್ಲೇ ಹರಿದರು. ಒಲೆಯ ಮೇಲೆ ಹಂಚು ಇಡಬಾರದೆಂದು ಪಾತ್ರೆಯಲ್ಲಿ ಬೇಯಿಸಿ, ಕೆಂಪು ಖಾರ, ಶೇಂಗಾ ಪುಡಿ ಹಾಕಿದರು. ಹೇಗಿತ್ತು ಎನ್ನುತ್ತೀರಾ? ಗಂಟಲಲ್ಲಿ ಛತ್ರಿ ಅಡ್ಡ ಸಿಕ್ಕಿತ್ತು, ರುಚಿ ತಿಳಿಯಲಿಲ್ಲ. ಅಕ್ಕ ಮಾತ್ರ ಎರಡು ಸಲ ಬಡಿಸಿಕೊಂಡರು. ನಾಗಪ್ಪನೇ ಕೊಟ್ಟದ್ದನ್ನು ಬಿಡಬಾರದಂತೆ.

ಆಮೇಲೆ ಅವರಿಗೊಂದು ಕೆಮ್ಮು ಬಂದರೂ ನಾಗಪ್ಪನ ಸಿಟ್ಟೇ ಎಂದುಕೊಳ್ಳುತ್ತಿದ್ದೆ. ಕಾನ್ವೆಂಟಿನಲ್ಲಿ ಪಾಪ ಹೇಳಿಕೊಳ್ಳಲು ಕನ್ಫೆಶನ್ನಿಗೆ ಸಾಲುಹಚ್ಚಿದ ಕ್ಯಾಥೊಲಿಕ್ ಹುಡುಗಿಯರನ್ನು ನೋಡಿ ಹಿಂದೊಮ್ಮೆ ನಕ್ಕಿದ್ದೆ; ಈಗ ನಿಲ್ಲಬೇಕೆಂದರೂ ನನಗೊಂದು ಸಾಲಿರಲಿಲ್ಲ.

ಇವತ್ತು ಪ್ಯಾಕೆಟ್ ಹಿಡಿದು ಕಟ್ಟೆಯ ಕಡೆ ತಿರುಗಿದೆ. ಎಂಬತ್ತೆರಡರ ಅಕ್ಕ ಮೆಂತ್ಯ ಸೋಸುತ್ತ ಕೂತಿದ್ದರು.

"ತಗೋಳ್ಲೇನ್ರಿ ಅಕ್ಕಾರ? ಹೂವ ಹಚ್ಚಿ ಕೇಳೂಣೇನು?" ಎಂದೆ, ನಕ್ಕಂತೆ ಮಾಡಿ.

ಅಕ್ಕ ತಲೆ ಎತ್ತಲಿಲ್ಲ. "ಯಾಕ, ಛತ್ರಿ ತಂದೀಯೇನು?"

ನೋಡಿಯೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನೀ ದೂಡಲಿಲ್ಲಂದ್ರ ಬಲದ ಹೂವ ನಾನ ಊದಾಕಿ ಇದ್ನಿ."

ಎರಡು ಪ್ಯಾಕೆಟ್ ತೆಗೆದುಕೊಂಡೆ. ಈಗ ಒಲೆಯ ಮೇಲೆ ಬೇಯುತ್ತಿದೆ. ಪಾಪವಿಲ್ಲದ ಅಣಬೆ ಹೇಗಿರುತ್ತದೋ, ಮೊದಲ ಸಲ ರುಚಿ ನೋಡಬೇಕು.