ಆರು-ನಾಲ್ಕು ಕೈಯಲ್ಲಿಟ್ಟುಕೊಂಡು

ಹನ್ನೊಂದು ವರ್ಷ ದೂಲೊ ನಮ್ಮ ಕೇರಿಯ ಡಾಮಿನೋ ಮೇಜಿನಿಂದ ಸೋತು ಎದ್ದಿರಲಿಲ್ಲ. ಸೋತ ಜೋಡಿ ಕುರ್ಚಿ ಬಿಟ್ಟು ಗೋಡೆಯ ಪಕ್ಕ ಸಾಲಿನಲ್ಲಿ ನಿಲ್ಲಬೇಕು. ಸುತ್ತ ನಿಂತವರ ಬಾಯಿಗೆ ಸಿಕ್ಕಿ ಅವರ ಮಾನ ಮೂರು ಕಾಸಿಗೆ ಹರಾಜಾಗುತ್ತದೆ. ಆ ಭಾಗ್ಯ ದೂಲೊಗೆ ಬಂದಿರಲೇ ಇಲ್ಲ.

ಅವನ ಪೂರ್ತಿ ಹೆಸರು ತೆಯೋದುಲೊ. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಈಗ ಐವತ್ತೆರಡು. ನಮ್ಮೂರು ಸಾನ್ ಪೆದ್ರೊದ ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ದಿನಕ್ಕೆ ಮುನ್ನೂರು ಕರೆ, ಯಾವ ವಾರ್ಡಿಗೆ ಯಾವ ನಂಬರ್ ಎಂದು ಅವನು ಎಲ್ಲೂ ಬರೆದಿಟ್ಟುಕೊಂಡಿಲ್ಲ. ಮೊಬೈಲು ಅವನಿಗೆ ಪರದೆಯ ಮೇಲಿನದನ್ನೆಲ್ಲ ಓದಿ ಹೇಳುತ್ತದೆ, ಅದೂ ಎಷ್ಟು ಜೋರು ಓಟದಲ್ಲೆಂದರೆ ನಮಗೆ ಕಡಲೆಕಾಯಿ ಹುರಿದ ಸದ್ದಷ್ಟೇ ಕೇಳುತ್ತದೆ. ಪರದೆಯ ಬೆಳಕನ್ನು ಆರಿಸಿಯೇ ಇಡುತ್ತಾನೆ. "ನಂಗೇನು ದೀಪ ಹಾಕೋದು, ನಿಮ್ಮ ಕಣ್ಣಿಗೆ ಬೀಳ್ಲಿ ಅಂತಾನಾ?" ಅನ್ನುತ್ತಾನೆ. ಅಂಗಡಿಯ ನುರ್ಕಾಳಿಗೆ ಕನ್ನಡಕ ಹಾಕಿದರೂ ಸಣ್ಣಕ್ಷರ ಕಾಣುವುದಿಲ್ಲ. ಅವಳ ಬಿ.ಪಿ. ಮಾತ್ರೆಯ ಡಬ್ಬಿಯ ಮೇಲೆ ಮೊಬೈಲು ಹಿಡಿದು ತಾರೀಖು ಓದಿ ಹೇಳುವವನು ದೂಲೊನೇ. ಬೆಳಗ್ಗೆ ಅಂಗಿಯ ಬಣ್ಣವನ್ನೂ ಮೊಬೈಲನ್ನೇ ಕೇಳಿ ಹಾಕಿಕೊಳ್ಳುತ್ತಾನೆ. ನಮ್ಮೆಲ್ಲರಿಗಿಂತ ಒಪ್ಪವಾಗಿರುತ್ತಾನೆ.

ಆಟ ನಡೆಯುವುದು ನುರ್ಕಾಳ ಅಂಗಡಿಯ ಮುಂದೆ, ಬಾದಾಮಿ ಮರದ ನೆರಳಲ್ಲಿ, ಶನಿವಾರ ಮಧ್ಯಾಹ್ನ. ದೂಲೊನ ಎದುರಿಗೆ ಅವನ ಜೊತೆಗಾರ, ನುರ್ಕಾಳ ಗಂಡ. ಈ ಪಕ್ಕ ನಾನು, ಆ ಪಕ್ಕ ನನ್ನ ಜೊತೆಗಾರ ಲಿಬೋರಿಯೊ. ನಾನು ಫ್ರೇಮಿಯೊ, ಮೂವತ್ತು ವರ್ಷ ಬಸ್ಸು ಓಡಿಸಿ ಬೆನ್ನು ಮುರಿದುಕೊಂಡವನು. ಪ್ರತಿ ಕಾಯಿಯ ಎರಡು ಅರ್ಧಗಳಲ್ಲಿ ಒಂದೊಂದು ಅಂಕಿ, ಅಂಕಿಗೆ ತಕ್ಕಷ್ಟು ಗುಳಿ. ತನ್ನ ಕಾಯಿಗಳ ಗುಳಿಗಳನ್ನು ದೂಲೊ ಹೆಬ್ಬೆರಳಲ್ಲಿ ಎಣಿಸುತ್ತಾನೆ. ಉಳಿದವರು ಕಾಯಿ ಇಡುವಾಗ ಅದೇನೆಂದು ಕೂಗಬೇಕು, ಅವನಿಗಾಗಿ ನಮ್ಮ ಮೇಜಿನ ಪದ್ಧತಿ ಅದು. ಮೇಜಿನ ಮೇಲೆ ಜೋಡಿಸಿದ ಕಾಯಿಗಳ ಸಾಲಿನ ಎರಡು ತುದಿಗಳಲ್ಲಿರುವ ಅಂಕಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮೇಜು ಕುಟ್ಟಿ "ಪಾಸ್" ಅನ್ನಬೇಕು. ಇದ್ದೂ ಪಾಸ್ ಅಂದರೆ ಅದಕ್ಕಿಂತ ನಾಚಿಕೆಗೇಡು ನಮ್ಮ ಕಡೆ ಇನ್ನೊಂದಿಲ್ಲ.

ಆ ನಾಚಿಕೆಗೇಡನ್ನು ನಾನು ಮಾಡಿದ್ದೆ. ಹನ್ನೊಂದು ವರ್ಷದ ಹಿಂದೆ ದೂಲೊನ ತಾಯಿ ತೀರಿಕೊಂಡ ತಿಂಗಳಲ್ಲಿ, ಪಾಪ ಒಂದಾಟ ಗೆಲ್ಲಲಿ ಎಂದು, ಕೈಯಲ್ಲಿ ಕಾಯಿ ಇಟ್ಟುಕೊಂಡೇ ಪಾಸ್ ಅಂದೆ. ಲಿಬೋರಿಯೊ ನೋಡಿ ಕಣ್ಣು ಮಿಟುಕಿಸಿದ. ಮುಂದಿನ ವಾರ ಅವನೂ ಹಾಗೇ ಮಾಡಿದ. ಆಮೇಲೆ ಆ ಮೇಜಿಗೆ ಯಾರು ಬಂದು ಕೂತರೂ ಅದೇ ರೂಢಿಯಾಯಿತು. ಆಟ ಮುಗಿದಾಗ ಉಳಿದ ಕಾಯಿಗಳನ್ನು ಎಣಿಸಿ ಒಟ್ಟು ಅಂಕ ಹೇಳುವವನು ನಾನೇ ಆದ್ದರಿಂದ ಕಳ್ಳತನ ಹೊರಬೀಳುತ್ತಿರಲಿಲ್ಲ.

ಮೊನ್ನೆ ಮಾರ್ಚಿನಲ್ಲಿ ದೂಲೊ ಮೊಬೈಲಿಗೆ ಹೊಸದೊಂದು ಆ್ಯಪ್ ಹಾಕಿಸಿಕೊಂಡು ಬಂದ. ಅವನ ಕುರುಡರ ಸಂಘದವರೇ ಮಾಡಿದ್ದಂತೆ. ಕ್ಯಾಮೆರಾ ತೋರಿಸಿದರೆ ಡಾಮಿನೋ ಕಾಯಿ ಯಾವುದೆಂದು ಹೇಳುತ್ತದೆ.

"ಇನ್ಮೇಲೆ ಎಣಿಸೋ ಕಷ್ಟ ನಿಂಗಿಲ್ಲ ಫ್ರೇಮಿಯೊ," ಅಂದ, ಸಂಭ್ರಮದಿಂದ.

ಆ ಆಟವನ್ನೂ ಅವನೇ ಗೆದ್ದ. ನಾವು ಉಳಿದ ಕಾಯಿಗಳನ್ನು ಮಗುಚಿದೆವು. ನನಗೆ ಎಂಥ ಮಂಕು ಕವಿದಿತ್ತೋ, ನಮ್ಮ ಗುಟ್ಟು ಬಯಲಾಗುತ್ತದೆಂದು ಆಗಲೂ ಹೊಳೆಯಲಿಲ್ಲ. ದೂಲೊ ಮೊಬೈಲನ್ನು ಲಿಬೋರಿಯೊನ ಮುಂದೆ ಹಿಡಿದ, ಆಮೇಲೆ ನನ್ನ ಮುಂದೆ.

"ಆರು-ನಾಲ್ಕು," ಎಂದಿತು ಮೊಬೈಲು.

ದೂಲೊ ಇನ್ನೊಮ್ಮೆ ಹಿಡಿದ. ಮತ್ತೆ ಅದೇ.

"ಮೂರನೇ ಸಲ ನಿನ್ನ ಸರದಿ ಬಂದಾಗ ಒಂದು ತುದೀಲಿ ನಾಲ್ಕಿತ್ತು, ಇನ್ನೊಂದ್ಕಡೆ ಒಂದು," ಎಂದ ನಿಧಾನವಾಗಿ. "ನೀನು ಮೇಜು ಕುಟ್ಟಿದೆ."

ದೂಲೊ ಮೊಬೈಲನ್ನು ಜೇಬಿಗಿಟ್ಟ.

"ಎಷ್ಟು ವರ್ಷದಿಂದ?"

"ದೂಲೊ, ಅದು..."

"ಎಷ್ಟು ವರ್ಷದಿಂದ ಅಂದೆ."

ಅವನು ಬಿಳಿ ಕೋಲು ತೆಗೆದುಕೊಂಡು ಮನೆಗೆ ಹೋದ. ಮೂರು ಶನಿವಾರ ಬರಲಿಲ್ಲ. ನಾವು ಆಡಿದೆವು, ಆದರೆ ಯಾರಿಗೂ ಕೂಗುವ ಹುರುಪಿರಲಿಲ್ಲ. ಇಷ್ಟು ವರ್ಷದ ಗೆಳೆತನವನ್ನು ನನ್ನ ಕೈಯಾರೆ ಹಾಳು ಮಾಡಿಕೊಂಡೆ ಎಂದು ನನಗೆ ಊಟ ಸೇರುತ್ತಿರಲಿಲ್ಲ. ನಾಲ್ಕನೇ ಶನಿವಾರ ಬೆಳಗ್ಗೆ ಅವನ ಮನೆಗೇ ಹೋದೆ. ಅವನು ಬೇಯಿಸಿದ ಬಾಳೆಕಾಯಿ ಕಿವುಚುತ್ತಿದ್ದ. ಕೂರು ಅನ್ನಲಿಲ್ಲ.

"ಆಸ್ಪತ್ರೇಲಿ ಒಂದು ಕರೆ ತಪ್ಪಿ ಇನ್ನೊಂದು ವಾರ್ಡಿಗೆ ಹೋದ್ರೆ ನರ್ಸಮ್ಮ ನನ್ನ ಏಳು ತಲೆಮಾರಿಗೂ ಬೈತಾಳೆ," ಎಂದ ಕಿವುಚುತ್ತಲೇ. "ಅದು ನಂಗೆ ಇಷ್ಟ ಕಣೋ. ಅಲ್ಲಿ ನಾನೊಬ್ಬ ಮನುಷ್ಯ. ನೀವು? ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಆಡ್ಸಿದ್ರಿ. ಈ ಕೇರೀಲಿ ನನ್ನಂಥ ಆಟಗಾರ ಇಲ್ಲ ಅಂತ ಸಂಘದಲ್ಲೆಲ್ಲ ಹೇಳ್ಕೊಂಡು ಮೆರೆದಿದೀನಿ. ಈಗ ನಂಗೆ ಆಟ ಬರುತ್ತೋ ಇಲ್ವೋ ಅನ್ನೋದೇ ಗೊತ್ತಿಲ್ಲ. ಅದನ್ನ ಕಿತ್ಕೊಂಡ್ಯಲ್ಲ, ಯಾಕೆ?"

"ಅಮ್ಮ ಹೋದಾಗ ನಿನ್ನ ಮುಖ ನೋಡೋಕಾಗ್ಲಿಲ್ಲ," ಅಂದೆ. ನಿಜ ಅಷ್ಟೇ ಇತ್ತು. "ತಪ್ಪಾಯ್ತು. ಇವತ್ತು ಬಾ. ನಿಜವಾದ ಆಟ ಆಡೋಣ."

ಅವನು ತಟ್ಟೆಗೆ ಬಡಿಸಿಕೊಂಡು, ಕರಿದ ಚೀಸು ಹಾಕಿಕೊಂಡು, ತುಂಬ ಹೊತ್ತು ತಿಂದ.

"ಇನ್ನೊಂದ್ಸಲ ಇಟ್ಕೊಂಡು ಪಾಸ್ ಅಂದ್ರೆ ಈ ಕೋಲಲ್ಲೇ ಬೀಳುತ್ತೆ," ಅಂದ ಕೊನೆಗೆ.

ಆ ಮಧ್ಯಾಹ್ನ ಅವನು ಬಂದು ಕೂತಾಗ ಕೇರಿಯೇ ಸುತ್ತ ನೆರೆದಿತ್ತು. ಮೊದಲ ಸುತ್ತು ಅವನದೇ, ಅದೂ ಚೆನ್ನಾಗಿಯೇ ಗೆದ್ದ. ಅವನಿಗೆ ಆಟ ಬರುತ್ತದೆ, ಅದು ಸುಳ್ಳಲ್ಲ. ಎರಡನೆಯದು, ಮೂರನೆಯದು ನಮಗೆ ಬಂದವು. ಅವನನ್ನು ಪಾಸ್ ಮಾಡಿಸಿದಾಗಲೆಲ್ಲ ನಾನು ಅವನ ಮುಖ ನೋಡುತ್ತಿದ್ದೆ. ಕೊನೆಯ ಸುತ್ತಿನಲ್ಲಿ ಲಿಬೋರಿಯೊ ತನ್ನ ಕಡೆಯ ಕಾಯಿಯನ್ನು ಮೇಜು ಅದುರುವಂತೆ ಬಡಿದು ಆಟ ಮುಗಿಸಿದ. ಮೊಬೈಲು ಉಳಿದದ್ದನ್ನೆಲ್ಲ ಓದಿತು. ಮೊದಲು ಇನ್ನೂರು ಅಂಕ ದಾಟಿದ ಜೋಡಿ ಗೆದ್ದಂತೆ, ನಮಗೆ ಇನ್ನೂರು ದಾಟಿತ್ತು.

ಬೇರೆ ಯಾರೇ ಸೋತಿದ್ದರೂ ಅಷ್ಟು ಹೊತ್ತಿಗೆ ಕೇಕೆ ಮುಗಿಲು ಮುಟ್ಟುತ್ತಿತ್ತು. ಈಗ ನುರ್ಕಾಳ ಅಂಗಡಿಯ ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಏನಿಲ್ಲ. ನುರ್ಕಾಳ ಗಂಡ ಆಗಲೇ ಎದ್ದು ಗೋಡೆ ಸೇರಿದ್ದ. ದೂಲೊ ಮಾತ್ರ ಎರಡೂ ಅಂಗೈಗಳನ್ನು ಮೇಜಿನ ಮೇಲೂರಿ ಕೂತೇ ಇದ್ದ. ಏನೋ ಆಯಿತೆಂದು ಹೆದರಿದೆ. ಆಮೇಲೆ ತಿಳಿಯಿತು, ಅವನು ಕಾಯುತ್ತಿದ್ದ.

"ಏಳೋ ದೂಲೊ," ಅಂದೆ. "ಆಟ ಬರದವರೆಲ್ಲ ಕುರ್ಚಿಗೆ ಅಂಟ್ಕೊಂಡ್ರೆ ಬಂದವರೇನು ನುರ್ಕಾನ ತಲೆ ಮೇಲೆ ಕೂರ್ಬೇಕಾ?"

ಯಾರೋ ಕಿಸಕ್ಕೆಂದರು. ಇನ್ನೊಬ್ಬ, "ಆಸ್ಪತ್ರೆಗೆ ಫೋನ್ ಮಾಡ್ರೋ, ಆಪರೇಟರ್ ಸಾಹೇಬ್ರಿಗೇ ಹಾಸಿಗೆ ಬೇಕಂತೆ," ಅಂದ. ಆಮೇಲೆ ಕೇರಿಗೆ ಕೇರಿಯೇ ಅವನ ಮೇಲೆ ಬಿತ್ತು. ದೂಲೊ ಎದ್ದ, ಕೋಲೂರಿಕೊಂಡು ಗೋಡೆಯ ಹತ್ತಿರ ಹೋದ, "ಸಾಲಲ್ಲಿ ನನ್ನ ಮುಂದೆ ಯಾರಪ್ಪ?" ಎಂದು ಕೇಳಿ ನಿಂತುಕೊಂಡ. ಮುಖದ ತುಂಬ ನಗು.

ನಾನು ಕಾಯಿ ಕಲೆಸುವ ನೆಪದಲ್ಲಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡೆ. ಅವನಿಗೆ ಕಾಣಲಿಲ್ಲ, ಸರಿ. ಮೂಗೆಳೆದದ್ದು ಕೇಳಿಸದೆ ಇರುತ್ತದೆಯೇ?

"ಫ್ರೇಮಿಯೊ," ಎಂದ ಗೋಡೆಯ ಕಡೆಯಿಂದ, "ಅಳೋದು ಮನೆಗೆ ಹೋಗಿ ಅಳು. ಕಾಯಿ ಹಂಚೋ."