ಬೂದಿ ಹಾಕಿ ತಿಕ್ಕಿದ ಎಕ್ಸ್‌ರೇ ಗಾಜು

ಸೋಮವಾರ, ಅಜ್ಜಂಪುರ. ತಮ್ಮನ ಬೆನ್ನುಮೂಳೆಯಲ್ಲಿ ಕೀವು ತುಂಬಿದೆ. ಎಲ್ಲಿ ಕೊಯ್ಯಬೇಕೆಂದು ನಿರ್ಧರಿಸಲು, ಬೆಂಗಳೂರಿನಲ್ಲಿ ತೆಗೆಸಿದ ಎಕ್ಸ್‌ರೇ ಗಾಜನ್ನು ನಾಳೆ ನಾನೊಬ್ಬನೇ ಹೋಗಿ ಮೈಸೂರಿನ ಸರ್ಜನ್ನರಿಗೆ ತೋರಿಸಬೇಕಿತ್ತು. ಮಿತ್ರರೇ, ದೊಡ್ಡಪ್ಪ ಅದನ್ನು ಲಾಟೀನಿನ ಗಾಜಿನ ಜೊತೆ ಬೂದಿ ಹಾಕಿ ತಿಕ್ಕಿಟ್ಟಿದ್ದಾರೆ.

“ಬರೀ ಮಸಿ ಕಣೋ. ಈಗ್ನೋಡು, ಪಳಪಳ ಅಂತೈತೆ!”

“ದೊಡ್ಡಪ್ಪ, ಆ ಮಸಿಯಲ್ಲೇ ಅವನ ಮೂಳೆಯ ಚಿತ್ರ ಇದ್ದದ್ದು.”

“ಮೂಳೆ ಅವನ ಬೆನ್ನಲ್ಲೇ ಐತಲ್ಲೋ, ಎಲ್ಲಿಗೆ ಹೋಯ್ತದೆ?”

ಇವರು ಮೂವತ್ತು ವರ್ಷ ಅಮಲ್ದಾರರ ಕಚೇರಿಯಲ್ಲಿ ದಾಖಲೆ ಕಾಯ್ದವರು.

ಕೂರಲೂ ಆಗದ ತಮ್ಮ ಮಲಗಿದಲ್ಲೇ, “ಮತ್ತೆ ರೈಲಾ, ಅಣ್ಣಾ?” ಎಂದ.

ಹೌದು, ನಾಳೆ ಮತ್ತೆ ಅವನನ್ನು ಬೆಂಗಳೂರಿಗೆ ಕರೆದೊಯ್ದು ಇನ್ನೊಂದು ಚಿತ್ರ ತೆಗೆಸಬೇಕು. ದೊಡ್ಡಪ್ಪನನ್ನು ಕರೆದೊಯ್ಯುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಅವರಿಗಿನ್ನೂ ಹೇಳಿಲ್ಲ, ಟ್ರಂಕಿಗೆ ಪಂಚೆ ತುಂಬುತ್ತಿದ್ದಾರೆ.