ಜೋಡಿ ಗರಗಸದ ಆ ತುದಿ

ಬೆಣೆಯಣ್ಣನ ನಿಜವಾದ ಹೆಸರು ಅವನ ಹೆಂಡತಿಗೂ ಯೋಚಿಸಿದರೇ ನೆನಪಾಗುತ್ತಿತ್ತು. ಇಬ್ಬರು ಮಾತಾಡುತ್ತ ನಿಂತಿದ್ದರೆ ನಡುವೆ ಹೋಗಿ ತೂರಿಕೊಳ್ಳುವುದು ಅವನ ಸ್ವಭಾವ, ಮರ ಕೊಯ್ಯುವಾಗ ಸೀಳಿನಲ್ಲಿ ಬೆಣೆ ಹೊಡೆದಂತೆ. ಆ ಹೆಸರಿಟ್ಟವನು ಹೆಂಡತಿಯ ಅಣ್ಣ, ಅಂದರೆ ಭಾವ. ಜೋಡಿ ಗರಗಸದ ಇನ್ನೊಂದು ತುದಿ ಹಿಡಿಯುತ್ತಿದ್ದವನೂ ಅವನೇ.

ಈಗ ಒಬ್ಬನೇ ಆಳು ಯಂತ್ರ ಹಿಡಿದು ಬಂದು, ತಿಂದ ತಿಂಡಿ ಅರಗುವುದರೊಳಗೆ ಮರ ಉರುಳಿಸಿ ಹೋಗುತ್ತಾನೆ. ಆಗ ಹಾಗಿರಲಿಲ್ಲ. ಆಳುದ್ದದ ಅಲಗು, ಎರಡು ಕಡೆ ಹಿಡಿ. ಒಬ್ಬ ಎಳೆದಾಗ ಇನ್ನೊಬ್ಬ ಕೈ ಸಡಿಲ ಬಿಡಬೇಕು. ಎಳೆಯುವುದಷ್ಟೇ ಕೆಲಸ, ತಳ್ಳಿದರೆ ಅಲಗು ಬಾಗಿ ಮರದೊಳಗೆ ಕಚ್ಚಿಕೊಳ್ಳುತ್ತದೆ. ಮನೆಯ ಹೊಸ್ತಿಲು ಎಷ್ಟು ಎತ್ತರ ಇರಬೇಕೆಂಬುದರಲ್ಲೂ ಒಮ್ಮತಕ್ಕೆ ಬಾರದ ಈ ಇಬ್ಬರು, ಗರಗಸ ಹಿಡಿದರೆ ಮಾತ್ರ ಒಂದೇ ಮೈಯ ಎರಡು ಕೈಯಾಗುತ್ತಿದ್ದರು. ಬಾಯಿಯ ಮಾತು ಬೇರೆ.

"ಎಳೀತಿದ್ದೀಯೋ, ಜೋತು ಬಿದ್ದಿದ್ದೀಯೋ?" ಎಂದು ಭಾವ ಕೆಣಕುವುದು, "ನಿಮ್ಮ ತಂಗಿ ಬಡಿಸೋದರಲ್ಲಿ ಇಷ್ಟೇ ಬಲ ಬರೋದು ಭಾವ" ಎಂದು ಇವನು ತಿರುಗಿಸಿ ಕೊಡುವುದು. ಗರಗಸದ ಲಯಕ್ಕೆ ಬೈಗುಳವೂ ಹದವಾಗಿ ಕೂರುತ್ತಿತ್ತು. ಜೇಬಿನ ತುಂಬ ಮರದ ಹೊಟ್ಟು, ಬೆರಳ ಸಂದಿಯಲ್ಲಿ ಅಂಟು. ತಗಡಿನ ಬಿಡಾರದಲ್ಲಿ ಮಲಗಿದರೆ ಹಸಿ ಮರದ ವಾಸನೆಯೂ ಹೊದಿಕೆಯೊಳಗೆ ಬಂದು ಪಕ್ಕದಲ್ಲೇ ಮಲಗುತ್ತಿತ್ತು.

ಒಂದು ಹಂಗಾಮಿನಲ್ಲಿ ಭಾವನ ಬಲಭುಜ ಸೋತಿತು. ಹಿಂದೆ ಬಿದ್ದ ಜೋಡಿಯನ್ನು ಮೇಸ್ತ್ರಿ ಮುರಿಯುತ್ತಿದ್ದ. ಸೋತವನು ಗಂಟುಮೂಟೆ ಕಟ್ಟಬೇಕು. ವಾರಕ್ಕೊಮ್ಮೆ ಮನೆಗೆ ಹೋದಾಗ ಹೆಂಡತಿ ತಟ್ಟೆ ಇಡುತ್ತ, "ನಮ್ಮಣ್ಣನ್ನ ಮನೇಲಿ ಕೂರಿಸ್ಬೇಡಿ. ಕೂತ್ರೆ ಆ ಮನುಷ್ಯ ಉಳಿಯಲ್ಲ" ಎಂದಳು. ಬೆಣೆಯಣ್ಣ ತಲೆಯಾಡಿಸಿದ. ಬಾಯಲ್ಲಿ ತುತ್ತಿತ್ತು.

ಅಂದಿನಿಂದ ಅವನು ಕಳ್ಳಕೆಲಸಕ್ಕೆ ಇಳಿದ. ತನ್ನ ಎಳೆತ ಮುಗಿದ ಮೇಲೆ, ಭಾವನಿಗೆ ತಿಳಿಯದ ಹಾಗೆ, ಅಲಗನ್ನು ಆ ಕಡೆಗೆ ಚೂರು ತಳ್ಳಿಕೊಡುವುದು. ತೆಳ್ಳಗಿನ ಮರಗಳಲ್ಲಿ ಇದು ನಡೆಯಿತು. ಮರಕ್ಕೆ ಬಾಯಿಲ್ಲವಲ್ಲ.

ಇಳಿಜಾರಿನ ದೊಡ್ಡ ಮರಕ್ಕೆ ಬಂದಾಗ ಗರಗಸವೇ ಬಾಯಿಬಿಟ್ಟಿತು. ಝರ್ರೆನ್ನುತ್ತಿದ್ದದ್ದು ತಗಡು ಬಡಿದಂತೆ ಡಬಡಬ ಎಂದು, ಅಲಗು ಬಾಗಿ ಕಚ್ಚಿಕೊಂಡಿತು. ಅತ್ತ ದಿಮ್ಮಿ ಅಳೆಯುತ್ತಿದ್ದ ಮೇಸ್ತ್ರಿಯ ಕಿವಿ ನಿಮಿರಿತು.

"ಯಾರ್ರೋ ತಳ್ಳಿದ್ದು?" ಎನ್ನುತ್ತ ಬಂದ.

"ನಾನೇ. ಕೈ ಜಾರ್ತು" ಎಂದ ಬೆಣೆಯಣ್ಣ.

"ಎಷ್ಟು ದಿನದಿಂದ ಜಾರ್ತಿದೆ?" ಕೇಳಿದ್ದು ಮೇಸ್ತ್ರಿಯಲ್ಲ, ಭಾವ. ಹಿಡಿ ಬಿಟ್ಟು, ಎಡಗೈಯಿಂದ ಬಲಭುಜ ಒತ್ತಿಕೊಂಡು ನಿಂತಿದ್ದ. "ಅಲಗು ತಾನಾಗೇ ನನ್ನ ಹತ್ರ ನಡ್ಕೊಂಡು ಬರ್ತಿದೆ ಅಂದ್ಕೊಳ್ಳೋಕೆ ನಾನೇನು ನಿನ್ನಷ್ಟು ದಡ್ಡನಾ?"

"ಗೊತ್ತಿದ್ದೂ ಸುಮ್ಮನಿದ್ರಾ ಭಾವ?"

"ಹಾಯಾಗಿತ್ತು, ಸುಮ್ಮನಿದ್ದೆ. ಇನ್ನು ಗರಗಸ ಹಾಳಾಗುತ್ತೆ." ಅವನು ಮೇಸ್ತ್ರಿಯತ್ತ ತಿರುಗಿದ. "ನನ್ನ ಭುಜ ಮುಗೀತು. ದಿಮ್ಮಿ ಎಳೆಯೋ ಎತ್ತುಗಳಿಗೆ ಆಳು ಬೇಕು ಅಂತಿದ್ರಲ್ಲ. ಅದಕ್ಕೆ ಭುಜ ಬೇಡ, ಬಾಯಿ ಸಾಕು."

ಎತ್ತು ಹೊಡೆಯುವವರನ್ನು ಬಾಲ ಕಾಯುವವರು ಎಂದು ಜೀವಮಾನವಿಡೀ ಆಡಿಕೊಂಡವನ ಮಾತಿದು. ಮೇಸ್ತ್ರಿ ಗಡ್ಡ ಕೆರೆದುಕೊಂಡು, "ಬಾಯಿಗೇನೂ ಬರ ಇಲ್ಲ ನಿಂಗೆ. ನಾಳೆಯಿಂದ ಹೋಗು" ಎಂದ.

ಸಿಕ್ಕಿಕೊಂಡ ಅಲಗನ್ನು ಬಿಡಿಸಿ, ಆ ಮರವನ್ನು ಮಾತ್ರ ಇಬ್ಬರೂ ಸೇರಿಯೇ ಕೆಡವಿದರು. ತುಂಬ ಹೊತ್ತು ಹಿಡಿಯಿತು. ಮೇಸ್ತ್ರಿ ಬೇರೆ ಕಡೆ ನೋಡುತ್ತಿದ್ದ.

ಮರುದಿನ ಹೊಸ ಜೊತೆಗಾರ ಬಂದ. ಗಟ್ಟಿ ತೋಳು, ಅಚ್ಚುಕಟ್ಟು ಎಳೆತ, ಹೊಲಿದಂಥ ತುಟಿ. ಆಳು ಚೆನ್ನಾಗಿದ್ದ, ಕೊಂಕು ತೆಗೆಯಲು ಜಾಗವಿರಲಿಲ್ಲ. ಅದೇ ಬೆಣೆಯಣ್ಣನಿಗೆ ಸಂಕಟವಾಯಿತು.

"ಏನಾದ್ರೂ ಮಾತಾಡೋ."

"ಏನ್ ಮಾತಾಡ್ಲಿ?"

"ಬೈಯಿ, ಪರವಾಗಿಲ್ಲ."

ಹೊಸಬ ಅವನನ್ನು ಒಂಥರಾ ನೋಡಿ ಮತ್ತೆ ಎಳೆಯತೊಡಗಿದ.

ಅಷ್ಟರಲ್ಲಿ ಕೆಳಗೆ ಸರಪಳಿ ಗಲಗುಟ್ಟಿತು. ನಿನ್ನೆಯ ಮರದ ದಿಮ್ಮಿ ಹೊರಟಿತ್ತು. ಹಿಂದೆಯೇ ಎತ್ತನ್ನು ಗದರುವ ಭಾವನ ಗಂಟಲು: "ನಡಿ, ನಡಿ. ಮಾವನ ಮನೆಗೆ ಹೊರಟ ಹೊಸ ಅಳಿಯನ ಹಾಗೆ ಬಳುಕಬೇಡ."

ಬೆಣೆಯಣ್ಣನ ಕೈ ನಿಂತಿತು. ಆ ದನಿ ತಿರುವು ದಾಟಿ, ದಿಮ್ಮಿ ತುಂಬುವ ಲಾರಿಯ ಕಡೆ ಕರಗುವವರೆಗೂ ಅವನು ಅಲುಗಲಿಲ್ಲ.

"ಸುಸ್ತಾಯ್ತಾ ಅಣ್ಣ?" ಎಂದ ಹೊಸಬ.

"ಹೂಂ" ಎಂದ ಬೆಣೆಯಣ್ಣ.